ಮಂದ್ರಕ್ಕೊಂದು ಗೋಡೆ

1872ರಲ್ಲಿ ಸಂಧಿವಾತಜ್ವರಕ್ಕೆ ಸಿಕ್ಕಿ ಬಹುವಾಗಿ ಬಳಲಿದ ಜಾನ್ ವಿಲಿಯಂ ಸ್ಟ್ರಟ್ ಎಂಬ ತರುಣ ವಿಜ್ಞಾನಿಯು, ಆ ವರ್ಷದ ಚಳಿಗಾಲವನ್ನು ಬೆಚ್ಚನೆಯ ನಾಡಿನಲ್ಲಿ ಕಳೆಯಲೆಂದು ಪತ್ನೀಸಮೇತನಾಗಿ ಈಜಿಪ್ಟಿಗೆ ಹೋಗಿ, ನೈಲ್ ನದಿಯ ಮೇಲೆ ಮನೆದೋಣಿಯೊಂದರಲ್ಲಿ ಸಂಚರಿಸುತ್ತಿದ್ದ ಕಾಲದಲ್ಲಿ, ಶಬ್ದಶಾಸ್ತ್ರವನ್ನು ಕುರಿತ ಬೃಹದ್ಗ್ರಂಥವೊಂದರ ರಚನೆಗೆ ತೊಡಗಿದನು. ಮರುವರ್ಷ ತಂದೆಯ ಮರಣಾನಂತರ ಲಾರ್ಡ್ ರೇಲಿ ಎಂಬ ಪದವಿಗೆ ಬಂದ ಆತನ ಆ ಗ್ರಂಥ, 'ದಿ ಥಿಯರಿ ಆಫ್ ಸೌಂಡ್', 1877 ಮತ್ತು 1878ರಲ್ಲಿ ಎರಡು ಸಂಪುಟಗಳಾಗಿ ಪ್ರಕಟವಾಯಿತು. ಅದರ ಎರಡನೆಯ ಸಂಪುಟದಲ್ಲಿ ಒಂದು ಲೆಕ್ಕವಿದೆ: ಎಲ್ಲೆಯಿಲ್ಲದ ಗೋಡೆಯೊಂದರಲ್ಲಿ ದುಂಡಾದ ರಂಧ್ರವನ್ನು ಕೊರೆದು, ಹಿಂದಕ್ಕೂ ಮುಂದಕ್ಕೂ ಆಡುವ ಬಿಲ್ಲೆಯೊಂದನ್ನು ಅದರಲ್ಲಿ ಕೂರಿಸಿದರೆ, ಎದುರಿಗಿರುವ ವಾಯುವು ಆ ಬಿಲ್ಲೆಗೆ ಯಾವ ಪ್ರತಿರೋಧವನ್ನು ಒಡ್ಡೀತು ಎಂಬುದೇ ಅದರ ವಿಷಯ. ವಿದ್ಯುತ್ತಿನಿಂದ ಹಾಡುವ ಯಂತ್ರವು ಇನ್ನೂ ಹುಟ್ಟದಿದ್ದ ಕಾಲದ ಈ ಗೋಡೆಯ ಲೆಕ್ಕವು, ಇಂದು ಅಮೆರಿಕದ ಸರೋವರಗಳಲ್ಲಿ ತನ್ನ ವಿಹಾರದೋಣಿಯೊಳಗೆ ಮಂದ್ರಸ್ವರಗಳನ್ನು ನುಡಿಸುವ ಸಬ್‌ವೂಫರಿನ ಪೆಟ್ಟಿಗೆಯನ್ನು ಕಟ್ಟಿ ಕೂರಿಸುವ ಮನುಷ್ಯನ ಕೈಗೆಲಸಕ್ಕೆ ತಳಪಾಯವಾಗಿದೆ. ರೇಲಿಯ ಹೆಸರನ್ನು ಆತನು ಕೇಳಿರದಿದ್ದರೂ, ಎಲ್ಲೆಯಿಲ್ಲದ ಆ ಗೋಡೆಯನ್ನು ಒಂದು ಮೊಳದ ಪೆಟ್ಟಿಗೆಯೊಳಕ್ಕೆ ಮಡಿಸುವ ನೂರು ವರ್ಷಗಳ ಉದ್ಯೋಗದಲ್ಲಿ ಕೊನೆಯ ಪಾಲುಗಾರನು ಆತನೇ.

ಮಂದ್ರಕ್ಕೆ ಗೋಡೆ ಏಕೆ ಬೇಕೆಂಬುದನ್ನು ಮೊದಲು ಅರಿತುಕೊಳ್ಳುವುದು ಒಳಿತು. ಸ್ಪೀಕರಿನ ಕೋನ್ ಮುಂದಕ್ಕೆ ಸರಿದಾಗ ಎದುರಿನ ಗಾಳಿಯನ್ನು ಒತ್ತುತ್ತದೆ, ಅದೇ ಕ್ಷಣದಲ್ಲಿ ಬೆನ್ನ ಹಿಂದಿನ ಗಾಳಿಯನ್ನು ತೆಳುಗೊಳಿಸುತ್ತದೆ. ಒತ್ತಿದ ಗಾಳಿಯು ಅಂಚನ್ನು ಸುತ್ತಿಕೊಂಡು ಹಿಂಬದಿಯ ಕೊರತೆಯನ್ನು ತುಂಬಲು ಅವಕಾಶವಿರುವವರೆಗೂ ಒಂದರ ಫಲವನ್ನು ಇನ್ನೊಂದು ಕಳೆಯುವುದರಿಂದ, ದೂರದಲ್ಲಿ ಕುಳಿತವನ ಕಿವಿಗೆ ಬಹುಮಟ್ಟಿಗೆ ಏನೂ ಮುಟ್ಟದು. ತಾರಸ್ಥಾಯಿಯ ಸ್ವರಗಳ ಅಲೆ ಗೇಣುದ್ದದ್ದು, ಆದಕಾರಣ ಅವಕ್ಕೆ ಈ ಬಾಧೆಯಿಲ್ಲ. ಸೆಕೆಂಡಿಗೆ 40 ಸಲ ಕಂಪಿಸುವ ಸ್ವರದ ಅಲೆಯಾದರೋ ಗಾಳಿಯಲ್ಲಿ ಎಂಟೂವರೆ ಮೀಟರಿಗೂ ಮಿಕ್ಕ ಉದ್ದದ್ದು, ಅದರ ಮುಂದೆ ಅಡಿಯಗಲದ ಕೋನ್ ಗಣನೆಗೆ ಬಾರದ ವಸ್ತು. ಇದಕ್ಕೆ ಕಿವಿಯ ಪಕ್ಷಪಾತವೂ ಸೇರಿಕೊಳ್ಳುತ್ತದೆ. 1933ರಲ್ಲಿ ಬೆಲ್ ಪ್ರಯೋಗಶಾಲೆಯ ಹಾರ್ವೆ ಫ್ಲೆಚರ್ ಮತ್ತು ವೈಲ್ಡನ್ ಮನ್ಸನ್ ಎಂಬಿಬ್ಬರು, ಮಾನವಶ್ರವಣವು ಮಧ್ಯಸ್ಥಾಯಿಯ ನಾದಕ್ಕೆ ತೋರುವ ಔದಾರ್ಯವನ್ನು ಮಂದ್ರಕ್ಕೆ ತೋರುವುದಿಲ್ಲವೆಂದೂ, ಸಮನಾಗಿ ಕೇಳಿಸಬೇಕಾದರೆ ಮಂದ್ರಕ್ಕೆ ಹಲವು ಪಟ್ಟು ಹೆಚ್ಚಿನ ಬಲ ಬೇಕೆಂದೂ ವಕ್ರರೇಖೆಗಳಲ್ಲಿ ಬರೆದು ತೋರಿಸಿದರು. ಮನೆಯ ಕೋಣೆಯಲ್ಲಾಗಲಿ ಮದುವೆಯ ಮಂಟಪದಲ್ಲಾಗಲಿ ನಾಲ್ಕು ಗೋಡೆಗಳು ಬೇಡದೆಯೇ ನೆರವಾಗಿ ಈ ಕೊರತೆಯನ್ನು ಅಷ್ಟಿಷ್ಟು ನೀಗಿಸುತ್ತವೆ. ನೀರಿನ ನಡುವೆ ಗೋಡೆಯೆಂಬುದೇ ಇಲ್ಲ. ದೋಣಿಯ ಸಂಗೀತದ ಇತಿಹಾಸವೆಲ್ಲ ಈ ಒಂದು ಅಭಾವದೊಡನೆ ನಡೆಸಿದ ವ್ಯವಹಾರವೇ ಆಗಿದೆ.

ಯಂತ್ರಗಳಿಲ್ಲದ ಕಾಲದಲ್ಲಿ ಈ ಅಭಾವಕ್ಕೆ ಇದ್ದ ಪರಿಹಾರ ಜನಸಂಖ್ಯೆಯೊಂದೇ. 1717ರ ಜುಲೈ 17ರ ಸಂಜೆ ಇಂಗ್ಲೆಂಡಿನ ದೊರೆ ಮೊದಲನೆಯ ಜಾರ್ಜ್ ವೈಟ್‌ಹಾಲ್‌ನಿಂದ ಚೆಲ್ಸಿಯವರೆಗೆ ಥೇಮ್ಸ್ ನದಿಯಲ್ಲಿ ವಿಹರಿಸಿದಾಗ, ರಾಜನೌಕೆಯ ಮಗ್ಗುಲಿಗೆ ಬೇರೊಂದು ನೌಕೆಯಲ್ಲಿ ಸುಮಾರು 50 ಮಂದಿ ವಾದ್ಯಗಾರರು ಕುಳಿತು, ಹ್ಯಾಂಡೆಲ್ ಆ ಸಂದರ್ಭಕ್ಕಾಗಿ ರಚಿಸಿದ ಸಂಗೀತವನ್ನು ನುಡಿಸಿದರು. ತುತ್ತೂರಿ, ಕೊಂಬು, ಪಿಟೀಲುಗಳ ಜೊತೆಗೆ ಬಸೂನ್ ಮೊದಲಾದ ಮಂದ್ರವಾದ್ಯಗಳೂ ಅಲ್ಲಿದ್ದುವು. ಪ್ರಭುವಿಗೆ ಅದು ಎಷ್ಟು ಹಿಡಿಸಿತೆಂದರೆ ಪೂರ್ತಿಯಾಗಿ ಮತ್ತೆ ಮತ್ತೆ ನುಡಿಸುವಂತೆ ಅಪ್ಪಣೆಯಾಯಿತು. ವಾದ್ಯಗಾರರಿಗೇ 150 ಪೌಂಡುಗಳು ವೆಚ್ಚವಾದುವೆಂದು ಲಂಡನ್ನಿನಲ್ಲಿದ್ದ ಪ್ರಷ್ಯದ ಪ್ರತಿನಿಧಿಯು ತನ್ನ ಒಡೆಯನಿಗೆ ವರದಿ ಬರೆದನು. ಬಯಲಿಗೆ ಸೋರಿಹೋಗುವ ನಾದವನ್ನು ತುಂಬಿಕೊಡಲು ಅಷ್ಟು ಜನರೂ ಅಷ್ಟು ಹಣವೂ ಬೇಕಾದುವು. ಮುಂದಿನ ಶತಮಾನದಲ್ಲಿ ಉಗಿಯಂತ್ರವು ಬಂದ ಮೇಲೆ, ಮ್ಯಾಸಚೂಸೆಟ್ಸಿನ ವುಸ್ಟರ್ ಪಟ್ಟಣದ ಜೋಶುವಾ ಸ್ಟೊಡಾರ್ಡ್ ಎಂಬಾತನು ಉಗಿಯ ಸಿಳ್ಳುಗಳನ್ನೇ ಸಾಲಾಗಿ ಜೋಡಿಸಿ ಬಾರಿಸುವ ಕ್ಯಾಲಿಯೋಪ್ ಎಂಬ ವಾದ್ಯಕ್ಕೆ 1855ರಲ್ಲಿ ಪೇಟೆಂಟ್ ಪಡೆದನು. ಮಿಸಿಸಿಪ್ಪಿಯ ಉಗಿಹಡಗುಗಳು ಅದನ್ನು ತಲೆಯ ಮೇಲೆ ಹೊತ್ತು ಮೈಲಿಗಳಾಚೆಗೆ ತಮ್ಮ ಆಗಮನವನ್ನು ಸಾರಿದುವು. ಅದು ಕಿರಿಚುವ ವಾದ್ಯ. ಅದರಿಂದ ಊರು ಎಚ್ಚರಗೊಳ್ಳಬಹುದಾಗಿತ್ತೇ ಹೊರತು ಎದೆ ತುಂಬುವಂತಿರಲಿಲ್ಲ. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಸೇಂಟ್ ಲೂಯಿಯ ಸ್ಟ್ರೆಕ್‌ಫಸ್ ಸಂಸ್ಥೆಯ ವಿಹಾರಹಡಗುಗಳಲ್ಲಿ ಫೇಟ್ ಮಾರಬಲನ ವಾದ್ಯಮೇಳವು ನುಡಿಸುತ್ತಿದ್ದಾಗ, ತರುಣ ಲೂಯಿ ಆರ್ಮ್‌ಸ್ಟ್ರಾಂಗನ ಕಹಳೆಯ ಕೆಳಗೆ ಮಂದ್ರವನ್ನು ಹಿಡಿದು ನಿಲ್ಲಿಸಿದ್ದುದು ಪಾಪ್ಸ್ ಫಾಸ್ಟರ್ ಎಂಬಾತನ ಆಳೆತ್ತರದ ತಂತಿವಾದ್ಯ.

ನೀರಿನ ಮೇಲೆ ಮಂದ್ರಕ್ಕೆ ಸಲ್ಲುವ ಒಂದು ವಿಶೇಷಗುಣವು ಇಷ್ಟರೊಳಗೆ ಬೇರೊಂದು ಮಾರ್ಗದಿಂದ ಬೆಳಕಿಗೆ ಬಂದಿತ್ತು. ಕೆನಡದ ನ್ಯೂ ಬ್ರನ್ಸ್‌ವಿಕ್ ಪ್ರಾಂತ್ಯದ ಸೇಂಟ್ ಜಾನ್ ಬಂದರಿನಲ್ಲಿ ನೆಲಸಿದ್ದ ಸ್ಕಾಟ್ಲೆಂಡಿನ ರಾಬರ್ಟ್ ಫೌಲಿಸ್ ಎಂಬಾತನು, ಮಂಜು ಕವಿದ ಒಂದು ರಾತ್ರಿ ಮನೆಗೆ ಮರಳುತ್ತಿರಲು, ಮಗಳು ನುಡಿಸುತ್ತಿದ್ದ ಪಿಯಾನೋವಿನ ಕೆಳಗಿನ ಸ್ವರಗಳಷ್ಟೇ ದೂರದಿಂದ ಕೇಳಿಬಂದು ಮೇಲಿನವು ಕೇಳಿಸದಿರುವುದನ್ನು ಗಮನಿಸಿದನೆಂದು ಪ್ರತೀತಿಯಿದೆ. ಕಥೆ ಹೇಗಾದರೂ ಇರಲಿ, 1859ರಲ್ಲಿ ಪಾರ್ಟ್ರಿಜ್ ದ್ವೀಪದಲ್ಲಿ ಆತನ ಕಲ್ಪನೆಯಂತೆ ಉಗಿಯಿಂದ ಮೊಳಗುವ ಮಂಜುಗಹಳೆಯು ಸ್ಥಾಪಿತವಾದುದು ಚರಿತ್ರೆ. ಪೇಟೆಂಟಿನ ಲಾಭವಾಗಲಿ ಅದರ ಹಣವಾಗಲಿ ದೊರೆಯದೆ ಆತನು ಬಡತನದಲ್ಲಿ ತೀರಿಕೊಂಡುದೂ ಚರಿತ್ರೆಯೇ. ವಾಯುವು ಉನ್ನತ ಸ್ವರಗಳನ್ನು ಹೀರಿಬಿಡುತ್ತದೆ, ಮಂದ್ರವನ್ನು ಹೆಚ್ಚುಕಡಿಮೆ ಹಾಗೆಯೇ ಸಾಗಗೊಡುತ್ತದೆ; ಅಡ್ಡ ಬಂದ ವಸ್ತುವು ಕಿರಿದಾದ ಅಲೆಯನ್ನು ತಡೆಯುತ್ತದೆ, ಹಿರಿದಾದುದಕ್ಕೆ ದಾರಿಬಿಡುತ್ತದೆ. ಮಂದ್ರವನ್ನು ಹುಟ್ಟಿಸುವುದು ಪ್ರಯಾಸ, ಹುಟ್ಟಿದ ಮೇಲೆ ಅದನ್ನು ತಡೆಯುವುದೂ ಪ್ರಯಾಸ. ಈ ಎರಡನೆಯ ಮಾತು ದೋಣಿಯ ಒಡೆಯರಿಗೆ ಬಹುಕಾಲ ಹೊಳೆಯಲಿಲ್ಲ, ಏಕೆಂದರೆ ಮೊದಲನೆಯದೇ ಅವರಿಗೆ ಅಸಾಧ್ಯವಾಗಿತ್ತು.

ಅದನ್ನು ಸಾಧ್ಯಗೊಳಿಸಿದ ಯಂತ್ರವು ನೆಲದ ಮೇಲೆ, ಎರಡು ಹೆಜ್ಜೆಗಳಲ್ಲಿ ಬಂದಿತು. ಡೆನ್ಮಾರ್ಕಿನಿಂದ ಬಂದ ಪೀಟರ್ ಜೆನ್‌ಸನ್ ಮತ್ತು ಆತನ ಜೊತೆಗಾರ ಎಡ್ವಿನ್ ಪ್ರಿಡಮ್ ಎಂಬಿಬ್ಬರು ಕ್ಯಾಲಿಫೋರ್ನಿಯದಲ್ಲಿ ಅಯಸ್ಕಾಂತದ ನಡುವೆ ಚಲಿಸುವ ತಂತಿಸುರುಳಿಗೆ ಕೊಂಬನ್ನು ಜೋಡಿಸಿ, 1915ರ ಕ್ರಿಸ್ಮಸ್ಸಿನ ಹಿಂದಿನ ದಿನ ಸ್ಯಾನ್ ಫ್ರಾನ್ಸಿಸ್ಕೋ ನಗರಸಭಾಭವನದ ಮುಂದೆ ನೆರೆದಿದ್ದ ಮಹಾಜನಸಮೂಹಕ್ಕೆ ಭಾಷಣವನ್ನೂ ಸಂಗೀತವನ್ನೂ ಕೇಳಿಸಿದರು. ಆದರೆ ಕೊಂಬು ಮಂದ್ರವನ್ನು ನುಡಿಯಬೇಕಾದರೆ ಮನೆಯಷ್ಟು ದೊಡ್ಡದಾಗಬೇಕು. ಹತ್ತು ವರ್ಷಗಳ ಬಳಿಕ, 1925ರಲ್ಲಿ, ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ ಎಂಬುವರು ಕೊಂಬನ್ನು ಕೈಬಿಟ್ಟು, ತಂತಿಸುರುಳಿಗೆ ಕಾಗದದ ಕೋನನ್ನು ಅಂಟಿಸಿ, ಆ ಕೋನನ್ನು ಅಗಲವಾದ ಹಲಗೆಯೊಂದರ ರಂಧ್ರದಲ್ಲಿ ಕೂರಿಸಿದ ಸ್ಪೀಕರಿನ ಸಂಗತಿಯನ್ನು ಪ್ರಕಟಿಸಿದರು. ಇಂದಿಗೂ ಲೋಕದಲ್ಲಿ ಬಹುಪಾಲು ಸ್ಪೀಕರುಗಳು ಆ ವಂಶದವೇ. ರೇಲಿಯ ಲೆಕ್ಕದ ಬಿಲ್ಲೆಯು ಕಾಗದದ ಕೋನಾಗಿಯೂ ಎಲ್ಲೆಯಿಲ್ಲದ ಗೋಡೆಯು ಬಡಗಿಯ ಹಲಗೆಯಾಗಿಯೂ ಲೋಕವ್ಯವಹಾರಕ್ಕೆ ಇಳಿದುದು ಹೀಗೆ. ಹಲಗೆ ಎಷ್ಟು ಅಗಲವೋ ಮಂದ್ರ ಅಷ್ಟು ಕೆಳಕ್ಕೆ ಇಳಿಯುವುದರಿಂದಲೂ, ಅಷ್ಟು ಅಗಲದ ಹಲಗೆಗೆ ಮನೆಗಳಲ್ಲಿ ಎಡೆಯಿಲ್ಲದುದರಿಂದಲೂ, ಅದರ ಅಂಚುಗಳನ್ನು ಹಿಂದಕ್ಕೆ ಮಡಿಸಿ ಪೆಟ್ಟಿಗೆ ಮಾಡಬೇಕಾಯಿತು.

ಪೆಟ್ಟಿಗೆಯಾದೊಡನೆ ಬೇರೊಂದು ಪ್ರಶ್ನೆ ಎದ್ದಿತು: ಬೆನ್ನಿನಿಂದ ಹೊರಟ ಅರ್ಧ ಶಕ್ತಿಯನ್ನು ಒಳಗೇ ಕೊಂದುಬಿಡುವುದೇ, ಅಥವಾ ಅದನ್ನು ತಿದ್ದಿ ದುಡಿಸಿಕೊಳ್ಳುವುದೇ? ಬೆಲ್ ಪ್ರಯೋಗಶಾಲೆಯ ಆಲ್ಬರ್ಟ್ ಥುರಾಸ್ ಎಂಬಾತನು 1930ರಲ್ಲಿ ಅರ್ಜಿ ಹಾಕಿ 1932ರಲ್ಲಿ ಪಡೆದ ಪೇಟೆಂಟು ಎರಡನೆಯ ದಾರಿಯನ್ನು ತೆರೆಯಿತು. ಪೆಟ್ಟಿಗೆಗೆ ಒಂದು ಕೊಳವೆಬಾಯಿಯನ್ನಿಟ್ಟು, ಆ ಬಾಯಿಯ ಗಾಳಿಯೂ ಒಳಗಿನ ಗಾಳಿಯೂ ಸೇರಿ ಒಂದು ನಿರ್ದಿಷ್ಟ ಮಂದ್ರದಲ್ಲಿ ಅನುರಣಿಸುವಂತೆ ಅಳತೆಗಳನ್ನು ಹೊಂದಿಸಿದರೆ, ಹಿಂಬದಿಯ ನಾದವು ತಿರುವುಮುರುವಾಗಿ ಮುಂಬದಿಯದಕ್ಕೆ ಅನುಕೂಲವಾಗಿ ಹೊರಬರುತ್ತದೆ. ಕಿರುಬಾಯಿಯ ಹೂಜಿಯನ್ನು ಊದಿದಾಗ ಹೊರಡುವ ಗುಂಯ್‌ಕಾರದ ತತ್ತ್ವವೇ ಇದು. ಜರ್ಮನಿಯ ಹೆಲ್ಮ್‌ಹೋಲ್ಟ್ಸ್ 1863ರಲ್ಲಿ ಪ್ರಕಟಿಸಿದ ಸ್ವರಸಂವೇದನೆಯ ಗ್ರಂಥದಲ್ಲಿ ಅದರ ವಿವೇಚನೆಯಿದೆ. ಆ ಗ್ರಂಥಕ್ಕೂ ನಮ್ಮ ನಾಡಿಗೂ ಒಂದು ನಂಟುಂಟು. ತಮ್ಮ ಬುದ್ಧಿಯನ್ನು ರೂಪಿಸಿದ ಮೂರು ಪುಸ್ತಕಗಳಲ್ಲಿ ಒಂದೆಂದು ಸರ್ ಸಿ. ವಿ. ರಾಮನ್ನರು ಎಣಿಸಿದ್ದುದು ಅದನ್ನೇ. 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರಕ್ಕೆ ನಿರ್ದೇಶಕರಾಗಿ ಬಂದು ಈ ಊರಿನವರೇ ಆಗಿಹೋದ ಅವರು, ಅದಕ್ಕೂ ಮೊದಲೇ, 1920ರಲ್ಲಿ, ಮೃದಂಗದ ಕಪ್ಪುಗರಣೆಯು ಚರ್ಮದ ಒಡಕುನಾದವನ್ನು ಸುಸ್ವರಕ್ಕೆ ತರುವ ಬಗೆಯನ್ನು 'ನೇಚರ್' ಪತ್ರಿಕೆಯಲ್ಲಿ ವಿವರಿಸಿದ್ದರು.

ಇಷ್ಟಾದರೂ ಪೆಟ್ಟಿಗೆಗಳು ಹಿರಿದಾಗಿಯೇ ಉಳಿದುವು. ಅರ್ಕನ್ಸಾಸಿನ ಹೋಪ್ ಎಂಬ ಊರಿನ ಪಾಲ್ ಕ್ಲಿಪ್ಷ್, 1940ರ ದಶಕದಲ್ಲಿ, ಮಡಿಸಿದ ಕೊಂಬೊಂದನ್ನು ಕೋಣೆಯ ಮೂಲೆಯಲ್ಲಿ ನಿಲ್ಲಿಸಿ, ಆ ಮೂಲೆಯ ಎರಡು ಗೋಡೆಗಳನ್ನೇ ಕೊಂಬಿನ ಮುಂದುವರಿಕೆಯನ್ನಾಗಿ ಬಳಸಿಕೊಂಡನು. ಮನೆಯೇ ವಾದ್ಯದ ಅಂಗವಾದ ಈ ಯುಕ್ತಿಯು ನೆಲದ ಮೇಲೆ ಎಷ್ಟು ಸೊಗಸೋ ನೀರಿನ ಮೇಲೆ ಅಷ್ಟೇ ನಿರುಪಯೋಗಿ. ದೋಣಿಯೊಳಕ್ಕೆ ಹೊಗಬಲ್ಲ ಪೆಟ್ಟಿಗೆಯ ಬೀಜವು ಬೇರೆಡೆ ಬಿದ್ದಿತ್ತು. 1954ರಲ್ಲಿ ಎಡ್ಗರ್ ವಿಲ್ಚರ್ ಮತ್ತು ಆತನ ಶಿಷ್ಯ ಹೆನ್ರಿ ಕ್ಲಾಸ್ ಸೇರಿ ಮ್ಯಾಸಚೂಸೆಟ್ಸಿನ ಕೇಂಬ್ರಿಜ್‌ನಲ್ಲಿ ಸ್ಥಾಪಿಸಿದ ಅಕೌಸ್ಟಿಕ್ ರಿಸರ್ಚ್ ಸಂಸ್ಥೆಯು, ಕೋನನ್ನು ಹಿಡಿದ ಅಂಚುಪಟ್ಟಿಯನ್ನು ಅತಿ ಸಡಿಲವಾಗಿಸಿ, ಗಾಳಿಯಾಡದಂತೆ ಮುಚ್ಚಿದ ಕಿರುಪೆಟ್ಟಿಗೆಯೊಳಗಿನ ಗಾಳಿಯನ್ನೇ ಸ್ಪ್ರಿಂಗಿನಂತೆ ದುಡಿಸುವ ಸ್ಪೀಕರನ್ನು ನ್ಯೂಯಾರ್ಕಿನ ಪ್ರದರ್ಶನಕ್ಕೆ ತಂದಾಗ, ಪುಸ್ತಕದ ಕಪಾಟಿನಲ್ಲಿಡಬಹುದಾದ ಪೆಟ್ಟಿಗೆಯಿಂದ ಹೊರಟ ಮಂದ್ರವು ಕೇಳಿದವರನ್ನು ಬೆರಗುಗೊಳಿಸಿತು. ಆ ಲಾಭಕ್ಕೆ ತೆತ್ತ ಬೆಲೆಯನ್ನು ಕ್ಲಾಸನೊಡನೆ 1957ರಲ್ಲಿ ಕೆಎಲ್‌ಎಚ್ ಸಂಸ್ಥೆಯನ್ನು ಕಟ್ಟಿದವರಲ್ಲೊಬ್ಬನೂ ಪ್ರಖ್ಯಾತ ಪಿಯಾನೋವಾದಕನ ಮಗನೂ ಆದ ಆಂಟನ್ ಹಾಫ್‌ಮನ್ ನಿಯಮರೂಪದಲ್ಲಿ ಹೇಳಿದನು: ಮಂದ್ರದ ಆಳ, ಪೆಟ್ಟಿಗೆಯ ಕಿರಿತನ, ವಿದ್ಯುತ್ತಿನ ಮಿತವ್ಯಯ, ಈ ಮೂರರಲ್ಲಿ ಎರಡನ್ನು ಆರಿಸಿಕೊಂಡವನು ಮೂರನೆಯದನ್ನು ಬಿಟ್ಟುಕೊಡಲೇಬೇಕು. ಎಡೆಯೂ ಕಡಮೆ, ಬ್ಯಾಟರಿಯ ವಿದ್ಯುತ್ತೂ ಕಡಮೆಯಾದ ದೋಣಿಯಲ್ಲಿ ಈ ನಿಯಮವು ಎಲ್ಲಿಗಿಂತಲೂ ನಿಷ್ಠುರವಾಗಿ ಅನ್ವಯಿಸುತ್ತದೆ.

ಇಷ್ಟು ಕಾಲವೂ ಪೆಟ್ಟಿಗೆಯ ಅಳತೆಯು ಬಡಗಿಯ ಕಿವಿಗೂ ಅನುಭವಕ್ಕೂ ಬಿಟ್ಟ ವಿಷಯವಾಗಿತ್ತು. ಅದನ್ನು ಗಣಿತಕ್ಕೆ ಒಪ್ಪಿಸಿದವರು ಆಸ್ಟ್ರೇಲಿಯದಲ್ಲಿ ಕೆಲಸ ಮಾಡಿದ ಇಬ್ಬರು. ನೆವಿಲ್ ಥೀಲ್ 1961ರಲ್ಲಿ ಆ ದೇಶದ ರೇಡಿಯೋ ಎಂಜಿನಿಯರುಗಳ ಪತ್ರಿಕೆಯೊಂದರಲ್ಲಿ ಬರೆದ ಪ್ರಬಂಧವು ಹತ್ತು ವರ್ಷ ಹೆಚ್ಚಿನವರ ಕಣ್ಣಿಗೆ ಬೀಳದೆ, 1971ರಲ್ಲಿ ಅಮೆರಿಕದಲ್ಲಿ ಪುನರ್ಮುದ್ರಿತವಾದ ಮೇಲೆ ಲೋಕವಿಖ್ಯಾತವಾಯಿತು. ಸಿಡ್ನಿ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ನಡೆಸಿದ ರಿಚರ್ಡ್ ಸ್ಮಾಲ್ ಅದನ್ನು ವಿಸ್ತರಿಸಿ 1972ರಿಂದ ಲೇಖನಮಾಲೆಯನ್ನೇ ಪ್ರಕಟಿಸಿದನು. ಸ್ಪೀಕರು ಯಾವುದೇ ಇರಲಿ, ಬಯಲಿನಲ್ಲಿ ಅದರ ಸ್ವಂತ ಕಂಪನಸಂಖ್ಯೆ, ಅದರ ಅಂಚುಪಟ್ಟಿಯ ಬಿಗಿಗೆ ಸರಿಸಮವಾಗುವ ಗಾಳಿಯ ಗಾತ್ರ, ತೂಗಾಟವು ಎಷ್ಟು ಬೇಗ ಅಡಗುವುದೆಂಬುದನ್ನು ತಿಳಿಸುವ ಕ್ಯೂ ಎಂಬ ಸಂಖ್ಯೆ, ಈ ಮೂರು ಗೊತ್ತಾದರೆ ಪೆಟ್ಟಿಗೆಯ ಫಲವನ್ನು ಮರ ಕೊಯ್ಯುವ ಮೊದಲೇ ನುಡಿಯಬಹುದೆಂದು ಅವರು ತೋರಿಸಿದರು. ಸ್ವಂತ ಕಂಪನ 30, ಗಾಳಿಯ ಸಮಗಾತ್ರ 40 ಲೀಟರ್, ಕ್ಯೂ 0.45 ಇರುವ ಸ್ಪೀಕರನ್ನು 25 ಲೀಟರಿನ ಮುಚ್ಚಿದ ಪೆಟ್ಟಿಗೆಯಲ್ಲಿ ಕೂರಿಸುವುದೆಂದಿಟ್ಟುಕೊಳ್ಳೋಣ. 40ನ್ನು 25ರಿಂದ ಭಾಗಿಸಿ, ಒಂದನ್ನು ಕೂಡಿಸಿ, ವರ್ಗಮೂಲವನ್ನು ತೆಗೆದರೆ 1.61 ಬರುತ್ತದೆ, ಅದರಿಂದ ಗುಣಿಸಿದಾಗ ಕಂಪನವು 48ಕ್ಕೂ ಕ್ಯೂ 0.73ಕ್ಕೂ ಏರುತ್ತವೆ. 0.71ರ ಸುಮಾರಿಗೆ ಕ್ಯೂ ಇದ್ದರೆ ಮಂದ್ರವು ಉಬ್ಬದೆ ತಗ್ಗದೆ ಸಮವಾಗಿ ಸಾಗುವುದರಿಂದ, ಈ ಪೆಟ್ಟಿಗೆ ಯೋಗ್ಯವಾದುದು. ತಲೆಮಾರುಗಳ ಅನುಭವವನ್ನು ಬೇಡುತ್ತಿದ್ದ ವಿದ್ಯೆಯು ಹೀಗೆ ಶಾಲೆಯ ಲೆಕ್ಕವಾಗಿ, ರಜೆಯ ದಿನ ಗರಗಸ ಹಿಡಿಯುವ ಗೃಹಸ್ಥನ ಕೈಗೂ ಎಟುಕಿತು.

ಮಂದ್ರಕ್ಕಾಗಿಯೇ ಪ್ರತ್ಯೇಕವಾದ ಸ್ಪೀಕರು, ಅಂದರೆ ಸಬ್‌ವೂಫರ್, ಜನಸಾಮಾನ್ಯರ ಅನುಭವಕ್ಕೆ ಬಂದುದೂ ಆ ದಶಕದಲ್ಲಿಯೇ. 1974ರಲ್ಲಿ ಯೂನಿವರ್ಸಲ್ ಸಂಸ್ಥೆಯ 'ಅರ್ತ್‌ಕ್ವೇಕ್' ಚಲನಚಿತ್ರಕ್ಕಾಗಿ ಚಿತ್ರಮಂದಿರಗಳಲ್ಲಿ ಭಾರೀ ಪೆಟ್ಟಿಗೆಗಳನ್ನಿರಿಸಿ ಭೂಕಂಪವನ್ನು ಪ್ರೇಕ್ಷಕರ ಮೈಗೆ ಮುಟ್ಟಿಸಿದರು. ಹಾಲಿವುಡ್ಡಿನ ಚೈನೀಸ್ ಚಿತ್ರಮಂದಿರದಲ್ಲಿ ಛಾವಣಿಯ ಗಾರೆ ಉದುರೀತೆಂದು ಬಲೆಯನ್ನೇ ಕಟ್ಟಬೇಕಾಯಿತು. ಬಳಿಕ ಈ ಅಭಿರುಚಿಯು ಕಾರಿಗೆ ಹಬ್ಬಿತು. ಅಲ್ಲಿ ಪ್ರಕೃತಿಯೇ ಒಂದು ಅನುಗ್ರಹವನ್ನು ಮಾಡಿದೆ. ಮುಚ್ಚಿದ ಪೆಟ್ಟಿಗೆಯ ನಾದವು ತನ್ನ ಕಂಪನಸಂಖ್ಯೆಯಿಂದ ಕೆಳಕ್ಕೆ ಸ್ಥಾಯಿಯೊಂದಕ್ಕೆ 12 ಡೆಸಿಬೆಲಿನಂತೆ ಇಳಿಯುತ್ತದೆ. ಅಲೆಯ ಉದ್ದಕ್ಕಿಂತ ತೀರ ಚಿಕ್ಕದಾದ ಕಾರಿನ ಗೂಡಾದರೋ ಅದೇ ಮಂದ್ರವನ್ನು, ಸೋರಿಕೆಯಿಲ್ಲದಿದ್ದರೆ, ಹೆಚ್ಚುಕಡಿಮೆ ಅದೇ ಪ್ರಮಾಣದಲ್ಲಿ ಮೇಲೆತ್ತಿಕೊಡುತ್ತದೆ. ಕಾರಿನಲ್ಲಿ ಗಳಿಸಿದ ಈ ಯಶಸ್ಸನ್ನು ನೆಚ್ಚಿ ಅದೇ ಪೆಟ್ಟಿಗೆಯನ್ನು ದೋಣಿಗೆ ಇಳಿಸಿದವರು ಅದು ಮೂಕವಾದುದನ್ನು ಕಂಡು ಸೋಜಿಗಪಟ್ಟರು. ಸ್ಪೀಕರು ಬದಲಾಗಿರಲಿಲ್ಲ, ತಾವೆಂದೂ ಲೆಕ್ಕಕ್ಕೆ ಹಿಡಿಯದಿದ್ದ ಕಾರಿನ ಛಾವಣಿಯೂ ಬಾಗಿಲುಗಳೂ ಹಿಂದೆ ಉಳಿದುಹೋಗಿದ್ದುವು.

ದೋಣಿಯ ಪೆಟ್ಟಿಗೆಗೆ ಬೇಕಾದ ಮರವು ಯುದ್ಧದಲ್ಲಿ ಹೆಸರುಗಳಿಸಿದ್ದು. ಪದರಪದರವಾಗಿ ಅಂಟಿಸಿದ ಹಲಗೆಯು ಹಿಂದಿನಿಂದ ಇದ್ದುದಾದರೂ ಅಂದಿನ ಅಂಟು ತೇವಕ್ಕೆ ಬಿಟ್ಟುಕೊಳ್ಳುತ್ತಿದ್ದ ಕಾರಣ ಪ್ಲೈವುಡ್ಡಿಗೂ ನೀರಿಗೂ ಆಗಿಬರುತ್ತಿರಲಿಲ್ಲ. 1934ರಲ್ಲಿ ವಾಷಿಂಗ್ಟನ್ ಸಂಸ್ಥಾನದ ಹಾರ್ಬರ್ ಪ್ಲೈವುಡ್ ಸಂಸ್ಥೆಯ ರಸಾಯನಜ್ಞ ಜೇಮ್ಸ್ ನೆವಿನ್ ನೀರಿಗೆ ಜಗ್ಗದ ಅಂಟನ್ನು ಸಿದ್ಧಪಡಿಸಿದ ಮೇಲೆ ಆ ವೈರ ತೀರಿತು; ಎರಡನೆಯ ಮಹಾಯುದ್ಧದಲ್ಲಿ ನ್ಯೂ ಆರ್ಲಿಯನ್ಸಿನ ಆಂಡ್ರೂ ಹಿಗಿನ್ಸ್ ರೂಪಿಸಿದ ಪ್ಲೈವುಡ್ಡಿನ ದಡಸೇರುದೋಣಿಗಳು 20,000ಕ್ಕೂ ಮಿಕ್ಕ ಸಂಖ್ಯೆಯಲ್ಲಿ ತಯಾರಾಗಿ ಸೈನಿಕರನ್ನು ನಾರ್ಮಂಡಿಯ ತೀರಕ್ಕೆ ಮುಟ್ಟಿಸಿದುವು. ಇಂದು ನಮ್ಮ ಮರದಂಗಡಿಗಳಲ್ಲಿ 710 ಎಂಬ ಅಂಕೆಯನ್ನು ಹೊತ್ತು ಮಾರಾಟವಾಗುವ ಮರೀನ್ ಪ್ಲೈವುಡ್ ಇದೇ ಕುಲದ್ದು. 72 ಗಂಟೆ ಕುದಿನೀರಿನಲ್ಲಿ ಬೇಯಿಸಿದರೂ ಪದರ ಬಿಡಬಾರದೆಂಬುದು ಅದಕ್ಕೆ ಭಾರತೀಯ ಮಾನಕವು ಒಡ್ಡುವ ಪರೀಕ್ಷೆ, ಮತ್ತು ಇಂಥ ಪರೀಕ್ಷೆಗಳೂ ನಡೆಯುತ್ತಿದ್ದ ಪ್ಲೈವುಡ್ ಉದ್ಯಮದ ಸಂಶೋಧನ ಸಂಸ್ಥೆಯೊಂದು ಬೆಂಗಳೂರಿನ ತುಮಕೂರು ರಸ್ತೆಯಲ್ಲಿ ಸ್ಥಾಪಿತವಾಗಿತ್ತು. ಮನೆಯ ಸ್ಪೀಕರುಗಳಿಗೆ ಪ್ರಿಯವಾದ ಎಂಡಿಎಫ್ ಹಲಗೆಯು, 1960ರ ದಶಕದಲ್ಲಿ ನ್ಯೂಯಾರ್ಕ್ ಸಂಸ್ಥಾನದ ಡಿಪಾಸಿಟ್ ಎಂಬ ಊರಿನಲ್ಲಿ ಮೊದಲು ತಯಾರಾದದ್ದು, ನಾದಕ್ಕೆ ಒಳ್ಳೆಯದು, ಕೊಯ್ಯಲು ಸುಲಭ. ಆದರೆ ನೀರು ಸೋಕಿದರೆ ಉಬ್ಬಿ ಪುಡಿಯಾಗುವ ಅದಕ್ಕೆ ದೋಣಿಯಲ್ಲಿ ಸ್ಥಾನವಿಲ್ಲ.

ದೋಣಿಯೂ ಅಷ್ಟರಲ್ಲಿ ಮರವನ್ನು ಬಿಟ್ಟಿತ್ತು. 1942ರಲ್ಲಿ ಒಹೈಯೋದ ರೇ ಗ್ರೀನ್ ಎಂಬಾತನು ಗಾಜಿನ ನಾರನ್ನು ಪಾಲಿಯೆಸ್ಟರ್ ರಾಳದಲ್ಲಿ ಅದ್ದಿ ದೋಣಿಯೊಂದನ್ನು ಎರಕ ಹೊಯ್ದುದು ಮೊದಲಾಗಿ, ಯುದ್ಧಾನಂತರದ ಎರಡು ದಶಕಗಳಲ್ಲಿ ಫೈಬರ್‌ಗ್ಲಾಸ್ ಒಡಲು ವಿಹಾರದೋಣಿಗಳ ಲೋಕವನ್ನು ಆಕ್ರಮಿಸಿತು. ಇದರ ಜೊತೆಗೆ ಬೆಳೆದ ವಿನೋದವು ದೋಣಿಗೆ ಸಂಗೀತವನ್ನು ಎಳೆದು ತಂದಿತು. 1922ರಲ್ಲಿ ಮಿನೆಸೋಟದ ಪೆಪಿನ್ ಸರೋವರದ ಮೇಲೆ ರಾಲ್ಫ್ ಸ್ಯಾಮ್ಯುಯೆಲ್ಸನ್ ಎಂಬ 18 ವರ್ಷದ ಹುಡುಗನು ಎರಡು ಪೈನ್ ಹಲಗೆಗಳನ್ನು ಕಾಲಿಗೆ ಕಟ್ಟಿ ದೋಣಿಯ ಹಗ್ಗ ಹಿಡಿದು ಜಾರಿದ ಆಟವು, 1980ರ ದಶಕದಲ್ಲಿ ಒಂದೇ ಹಲಗೆಯ ವೇಕ್‌ಬೋರ್ಡ್ ಆಗಿ ಮಾರ್ಪಟ್ಟಿತು. ಸವಾರನು ಮೇಲಕ್ಕೆ ನೆಗೆಯಲೆಂದು ಹಗ್ಗವನ್ನು ಎತ್ತರಕ್ಕೆ ಕಟ್ಟುವ ಲೋಹದ ಕಮಾನು 1990ರ ದಶಕದ ಉತ್ತರಾರ್ಧದಲ್ಲಿ ಅಮೆರಿಕದ ಕಾರ್ಖಾನೆಗಳ ದೋಣಿಗಳ ಮೇಲೆ ಬಂದಿತು. ಆ ಕಮಾನು ಸ್ಪೀಕರು ತೂಗಹಾಕಲು ತಕ್ಕ ಕಂಬವೂ ಆಯಿತು. ಸವಾರನು ಹಗ್ಗದ ತುದಿಯಲ್ಲಿ 20 ಮೀಟರ್ ಹಿಂದಿರುವವನು. ಬಯಲಿನಲ್ಲಿ ದೂರ ಇಮ್ಮಡಿಯಾದಂತೆಲ್ಲ ನಾದವು 6 ಡೆಸಿಬೆಲ್ ಕುಗ್ಗುವ ಕಾರಣ, ಎರಡೂವರೆ ಮೀಟರಿನಲ್ಲಿ ಕುಳಿತವನಿಗೆ ಕೇಳಿಸುವಷ್ಟೇ ಅವನಿಗೂ ಕೇಳಿಸಬೇಕಾದರೆ ಅರುವತ್ತು ಪಟ್ಟಿಗೂ ಮೀರಿದ ಬಲ ಬೇಕು. ಕಮಾನಿನ ಸ್ಪೀಕರುಗಳು ಆ ಬಲದಿಂದ ಉನ್ನತ ಸ್ವರಗಳನ್ನು ಎಸೆದಂತೆಲ್ಲ, ದೋಣಿಯೊಳಗಿನವರಿಗೆ ಸಂಗೀತವು ಬುಡವಿಲ್ಲದ ಗದ್ದಲವಾಗಿ ಕೇಳಿತು. ಬುಡವನ್ನು ಒದಗಿಸಲೆಂದು ಚುಕ್ಕಾಣಿಯ ಕೆಳಗಿನ ಕಾಲುಗೂಡಿನಲ್ಲಿ ಸಬ್‌ವೂಫರಿಗೆ ಎಡೆ ಹುಡುಕಿದರು.

ಮೊದಮೊದಲು ಪೆಟ್ಟಿಗೆಯ ಗೊಡವೆಯಿಲ್ಲದೆ, ಚುಕ್ಕಾಣಿಯ ಕೆಳಗಿನ ಹಲಗೆಯಲ್ಲಿ ರಂಧ್ರ ಕೊರೆದು ಸ್ಪೀಕರನ್ನು ಬಿಗಿದು, ಅದರ ಬೆನ್ನನ್ನು ದೋಣಿಯ ಪೊಳ್ಳೊಡಲಿಗೆ ಬಿಟ್ಟುಬಿಡುವುದೇ ವಾಡಿಕೆಯಾಗಿತ್ತು. ಇದು ರೇಲಿಯ ಎಲ್ಲೆಯಿಲ್ಲದ ಗೋಡೆಯ ಅನುಕರಣೆ; ಗೋಡೆ ಭದ್ರವಾಗಿದ್ದರೆ ಫಲವೂ ಉತ್ತಮವೇ. ದುರದೃಷ್ಟವಶಾತ್ ದೋಣಿಯ ಗೋಡೆಯು ಹೆಸರಿಗೆ ಮಾತ್ರ ಗೋಡೆ: ತಂತಿಗಳು ಹಾಯುವ ಕಂಡಿಗಳು, ಸಾಮಾನಿನ ಗೂಡುಗಳು, ಆಸನದ ಕೆಳಗಣ ಮುಚ್ಚಳಗಳು ಒಂದೊಂದೂ ಬೆನ್ನಿನ ನಾದವನ್ನು ಮುಂದಕ್ಕೆ ಸೋರಿಸಿ ಮಂದ್ರವನ್ನು ಅಳಿಸುತ್ತವೆ, ತೆಳುವಾದ ಫೈಬರ್‌ಗ್ಲಾಸ್ ಹಾಳೆಯು ತಾನೇ ನಡುಗಿ ಗಡಗಡಿಸುತ್ತದೆ. ಆದ್ದರಿಂದಲೇ ಪೆಟ್ಟಿಗೆ ಬೇಕಾಯಿತು, ಮತ್ತು ಚೌಕವಲ್ಲದ ಎಡೆಗೆ ಚೌಕವಲ್ಲದ ಪೆಟ್ಟಿಗೆಯನ್ನು ಕಟ್ಟುವ ಕುಶಲಕರ್ಮವು ಹುಟ್ಟಿತು. ಒಡಲು ಬಾಗಿದಂತೆ ರಟ್ಟನ್ನು ಕತ್ತರಿಸಿ ಅಚ್ಚು ತೆಗೆಯಬೇಕು; ಹತ್ತಂಗುಲದ ಸ್ಪೀಕರಿಗೆ ಸಾಮಾನ್ಯವಾಗಿ ಸಾಲುವ 20ರಿಂದ 25 ಲೀಟರಿನ ಗಾತ್ರದಲ್ಲಿ ಸ್ಪೀಕರು ತಾನೇ ನುಂಗುವ ಎಡೆಯನ್ನೂ ಒಳಗಣ ಅಡ್ಡಪಟ್ಟಿಗಳ ಎಡೆಯನ್ನೂ ಕಳೆದು ಲೆಕ್ಕ ಹಿಡಿಯಬೇಕು; 18 ಮಿಲಿಮೀಟರ್ ಪ್ಲೈವುಡ್ಡನ್ನು ಎಪಾಕ್ಸಿಯಿಂದ ಬೆಸೆದು, ಒಳಮೂಲೆಗಳನ್ನು ಅದೇ ಎಪಾಕ್ಸಿಯ ಗಟ್ಟಿಪಾಕದಿಂದ ದುಂಡಗೆ ತುಂಬಿ, ಕೊಯ್ದ ಅಂಚುಗಳು ನೀರು ಕುಡಿಯದಂತೆ ಒಳಗೂ ಹೊರಗೂ ಬಳಿಯಬೇಕು. ಎಪಾಕ್ಸಿಯ ಈ ರೀತಿಯು ಮಿಷಿಗನ್ನಿನ ಬೇ ಸಿಟಿಯಲ್ಲಿ 1969ರಿಂದ ದೋಣಿ ಕಟ್ಟುತ್ತಿದ್ದ ಗೂಜನ್ ಸೋದರರಿಂದ ಮನೆಮನೆಯ ಕುಶಲರಿಗೂ ಹಬ್ಬಿದ್ದು. ಸ್ಕ್ರೂಗಳು ತುಕ್ಕುಹಿಡಿಯದ ಉಕ್ಕಿನವಾಗಿರಬೇಕು. ಅಲೆಯ ಹೊಡೆತಕ್ಕೆ ಕಳಚದಂತೆ ಪೆಟ್ಟಿಗೆಯನ್ನು ಒಡಲಿನ ಆಸರೆಪಟ್ಟಿಗಳಿಗೆ ಬಿಗಿಯಬೇಕೇ ಹೊರತು ಹೊರಮೈಯನ್ನು ಎಂದಿಗೂ ಕೊರೆಯಬಾರದು. ಕಾರಿನ ಅನುಗ್ರಹ ಇಲ್ಲಿ ಇಲ್ಲದುದರಿಂದ ಕೆಲವರು ಥುರಾಸನ ಬಾಯಿಯುಳ್ಳ ಪೆಟ್ಟಿಗೆಯನ್ನೇ ಮೆಚ್ಚುತ್ತಾರೆ. ಆದರೆ ಅದು ಹೆಚ್ಚು ಎಡೆಯನ್ನು ಬೇಡುತ್ತದೆ, ಅನುರಣನದ ಕೆಳಗೆ ಕೋನಿಗೆ ಆಸರೆಯನ್ನೇ ಕೊಡದು, ಮತ್ತು ಆ ಬಾಯಿಯಿಂದ ನೀರೂ ಒಳನುಗ್ಗಬಹುದು.

ವಿದ್ಯುತ್ತಿನ ವಿಷಯದಲ್ಲಿ ದೋಣಿಯ ಶಿಸ್ತು ಕಾರಿನದಕ್ಕಿಂತ ಕಟುವಾದುದು. ಪೆಟ್ರೋಲಿನ ಆವಿಯು ಗಾಳಿಗಿಂತ ಭಾರವಾದ್ದರಿಂದ ದೋಣಿಯ ತಳದಲ್ಲಿ ಮಡುಗಟ್ಟುತ್ತದೆ, ಕಿಡಿಯೊಂದು ಸಾಕು. ಆದಕಾರಣ ಆಂಪ್ಲಿಫೈಯರನ್ನು ಎಂಜಿನ್ ಕೋಣೆಯಿಂದ ದೂರವಿಡುವುದೂ, ಬ್ಯಾಟರಿಯ ಬಳಿಯಲ್ಲಿಯೇ ಫ್ಯೂಸನ್ನು ಕೂರಿಸುವುದೂ, ತವರ ಲೇಪಿಸಿದ ತಾಮ್ರದ ತಂತಿಯನ್ನೇ ಬಳಸುವುದೂ 1954ರಲ್ಲಿ ಸ್ಥಾಪಿತವಾದ ಅಮೆರಿಕದ ದೋಣಿಗಳ ಮಾನಕಮಂಡಲಿಯ ಕಾಲದಿಂದ ಬೆಳೆದುಬಂದ ವಿವೇಕ. ನಡುನೀರಿನಲ್ಲಿ ಸಂಗೀತವು ಬ್ಯಾಟರಿಯನ್ನು ಬರಿದುಮಾಡಿದರೆ ಎಂಜಿನ್ ಚಾಲೂ ಆಗದೆ ಜನರು ಸಿಕ್ಕಿಬೀಳುವುದರಿಂದ, ಹಾಡಿಗೊಂದು ಎಂಜಿನ್ನಿಗೊಂದು ಎಂದು ಎರಡು ಬ್ಯಾಟರಿಗಳನ್ನಿರಿಸುತ್ತಾರೆ. ಸ್ಪೀಕರಿನ ಅಯಸ್ಕಾಂತವು ಚುಕ್ಕಾಣಿಯ ಮುಂದಿನ ದಿಕ್ಸೂಚಿಯನ್ನು ಕೆಡಿಸಬಲ್ಲದು. ಕಬ್ಬಿಣದ ಹಡಗುಗಳ ದಿಕ್ಸೂಚಿಯನ್ನು ಸರಿಪಡಿಸಲು ಲಾರ್ಡ್ ಕೆಲ್ವಿನ್ ಹತ್ತೊಂಬತ್ತನೆಯ ಶತಮಾನದಲ್ಲಿ ಪಟ್ಟ ಶ್ರಮವನ್ನು ಒಂದು ಹಾಡುಪೆಟ್ಟಿಗೆ ಮರಳಿ ನೆನಪಿಗೆ ತರುತ್ತದೆ.

ಹೀಗೆ ಪೆಟ್ಟಿಗೆಯು ಗೋಡೆಯ ಕೆಲಸವನ್ನೆಲ್ಲ ಒಳಗೊಂಡು ಗೆದ್ದಿತು. ಗೆದ್ದ ಮೇಲೆ ಫೌಲಿಸನ ಮಂಜುಗಹಳೆಯ ಪಾಠವು ತಲೆಯೆತ್ತಿತು. ಸಂಜೆಯ ಹೊತ್ತು ನೀರಿಗೆ ಹತ್ತಿದ ಗಾಳಿ ತಂಪಾಗಿಯೂ ಮೇಲಿನದು ಬೆಚ್ಚಗೂ ಇರುವಾಗ ಶಬ್ದವು ಕೆಳಕ್ಕೆ ಬಾಗಿ ನೀರನ್ನು ಅಪ್ಪಿಕೊಂಡೇ ಸಾಗುವುದೆಂದು 1870ರ ದಶಕದಲ್ಲಿಯೇ ಆಸ್‌ಬರ್ನ್ ರೆನಾಲ್ಡ್ಸ್ ವಿವರಿಸಿದ್ದನು. ಗೋಡೆಯಿಲ್ಲದಿರುವಿಕೆಯು ದೋಣಿಯವನ ಮಂದ್ರವನ್ನು ಹೇಗೆ ಕಸಿಯುತ್ತದೋ ಹಾಗೆಯೇ ದಡದ ಮನೆಯವನ ನೆಮ್ಮದಿಯನ್ನೂ ಕಸಿಯುತ್ತದೆ. ಅಮೆರಿಕದ ಹಲವು ಸಂಸ್ಥಾನಗಳಲ್ಲಿ ದೋಣಿಯ ಸದ್ದು ದಡದಲ್ಲಿ ಅಳೆದಾಗ 75 ಡೆಸಿಬೆಲನ್ನು ಮೀರಕೂಡದೆಂಬ ಕಟ್ಟಳೆಯಿದೆ. ಆದರೆ ಆ ಅಳತೆಯನ್ನು ಮಾಡುವ ಮಾಪಕವು ಎ ಎಂಬ ಭಾರರೇಖೆಯನ್ನು ಅನುಸರಿಸುತ್ತದೆ. ಫ್ಲೆಚರ್ ಮತ್ತು ಮನ್ಸನ್ನರ ಶ್ರವಣರೇಖೆಗಳಿಂದ ಮೂಡಿದ ಆ ರೇಖೆಯು ಮಂದ್ರವನ್ನು ಕಿವಿಗಿಂತಲೂ ಹೆಚ್ಚಾಗಿ ಅಲಕ್ಷಿಸುವುದುಂಟು. ಸೆಕೆಂಡಿಗೆ 40 ಕಂಪನದ ನಾದವು ವಾಸ್ತವವಾಗಿ 100 ಡೆಸಿಬೆಲ್ ಇದ್ದರೂ ಮಾಪಕದಲ್ಲಿ 65ರಷ್ಟೇ ತೋರುತ್ತದೆ; ಕಿಟಕಿಯ ಗಾಜು ನಡುಗುತ್ತಿರುವಾಗಲೂ ದೋಣಿಯವನು ಕಾನೂನಿನ ಕಣ್ಣಿಗೆ ನಿರ್ದೋಷಿ.

ವಸತಿಪ್ರದೇಶಕ್ಕೆ ಹಗಲು 55, ಇರುಳು 45 ಡೆಸಿಬೆಲ್ ಎಂಬ ಮಿತಿಯನ್ನಿಟ್ಟ ನಮ್ಮ ದೇಶದ 2000ನೆಯ ಇಸವಿಯ ಶಬ್ದಮಾಲಿನ್ಯ ನಿಯಮಗಳೂ ಅದೇ ಎ ರೇಖೆಯನ್ನೇ ನೆಚ್ಚಿವೆ. ಆದ್ದರಿಂದ ಈ ದೋಷವು ದೂರದ ಸರೋವರಗಳದು ಮಾತ್ರವಲ್ಲ, ನಮ್ಮ ಬೀದಿಗಳ ಮೆರವಣಿಗೆಯ ಡಿಜೆ ಪೆಟ್ಟಿಗೆಗಳದೂ ಹೌದು. ಅದೇ ಮಾಪಕದಲ್ಲಿ ಸಿ ಎಂಬ ಇನ್ನೊಂದು ರೇಖೆಯಿದೆ. 40 ಕಂಪನದ ನಾದಕ್ಕೆ ಅದು ಕಳೆಯುವುದು ಎರಡೇ ಡೆಸಿಬೆಲನ್ನು. ಗುಂಡಿಯೊಂದನ್ನು ತಿರುಗಿಸಿದರೆ ಮಾಪಕವು ಮಂದ್ರವನ್ನು ಕೇಳತೊಡಗುತ್ತದೆ. ಮಂದ್ರವನ್ನು ಹುಟ್ಟಿಸುವ ಲೆಕ್ಕವನ್ನು ಥೀಲ್ ಮತ್ತು ಸ್ಮಾಲ್ ಗೃಹಸ್ಥನ ಕೈಗೆ ಒಪ್ಪಿಸಿ ಐವತ್ತು ವರ್ಷಗಳಾದುವು. ಅದನ್ನು ಅಳೆಯುವ ಕಟ್ಟಳೆಯು ಮಾತ್ರ ಮಂದ್ರವೆಂಬುದು ಇನ್ನೂ ದುರ್ಲಭವಾಗಿದ್ದ ಕಾಲದಲ್ಲಿಯೇ ನಿಂತಿದೆ. ಅಳತೆಯ ಪುಟದಲ್ಲಿ ಎ ರೇಖೆಯ ಪಕ್ಕಕ್ಕೆ ಸಿ ರೇಖೆಯ ಅಂಕೆಯನ್ನೂ ಬರೆಯಬೇಕೆಂದು ವಿಧಿಸುವುದು ದಡದವನಿಗೆ ಸಲ್ಲಬೇಕಾದ ಕನಿಷ್ಠ ನ್ಯಾಯ.